ಯಾರದೂ ಅಲ್ಲದ ಲಿವರ್

ಸ್ಕ್ಯಾನಿಂಗ್ ಕೋಣೆಗೆ ಹೊಸದಾಗಿ ಕಾಲಿಡುತ್ತಿರುವ ಡಾಕ್ಟರುಗಳು ಸಿಕ್ಕಿದಾಗಲೆಲ್ಲ ನನ್ನನ್ನು ಒಂದೇ ಪ್ರಶ್ನೆ ಕೇಳುತ್ತಾರೆ: ಇಷ್ಟು ವರ್ಷ ಕತ್ತಲಲ್ಲಿ ಕೂತು ಏನು ಕಂಡಿರಿ ಮೇಡಂ? ಹೊಟ್ಟೆ ಕಂಡೆ ಎನ್ನುತ್ತೇನೆ. ಅವರಿಗೆ ಸಮಾಧಾನವಾಗುವುದಿಲ್ಲ. ಹುದ್ದೆ, ಸನ್ಮಾನ, ಶಾಲು, ಹಾರ ಇವುಗಳ ಬಗ್ಗೆ ಏನಾದರೂ ಹೇಳುತ್ತೇನೆಂದು ಕಾಯುತ್ತಾರೆ. ಬಾಗಿಲಿಗೆ ‘ಸೀನಿಯರ್ ಕನ್ಸಲ್ಟೆಂಟ್’ ಎಂದು ಹೊಸ ಬೋರ್ಡು ಹಾಕಿದ ದಿನವೂ ಒಳಗಿನ ಫ್ಯಾನು ಹಳೆಯ ವೇಗದಲ್ಲೇ ತಿರುಗುತ್ತಿತ್ತು. ಆದ್ದರಿಂದ ಅದನ್ನೆಲ್ಲ ಬಿಟ್ಟು ಹೊಟ್ಟೆಯ ವಿಷಯಕ್ಕೇ ಬರುತ್ತೇನೆ, ಅದರಲ್ಲೂ ಲಿವರ್‌ನ ವಿಷಯಕ್ಕೆ.

ನಾನು ಕೆಲಸ ಮಾಡಿದ್ದು ತುಮಕೂರಿನ ಒಂದು ಖಾಸಗಿ ಸ್ಕ್ಯಾನಿಂಗ್ ಸೆಂಟರಿನಲ್ಲಿ. ವಾರಕ್ಕೆರಡು ದಿನ ಗುಬ್ಬಿಯ ನರ್ಸಿಂಗ್ ಹೋಮೊಂದಕ್ಕೆ ಹೋಗುತ್ತಿದ್ದೆ. ಅಲ್ಲಿ ಯಂತ್ರವಿತ್ತು, ನೋಡುವವರಿರಲಿಲ್ಲ. ಎರಡೂ ಕಡೆ ಗೋಡೆಯ ಮೇಲೆ ‘ಇಲ್ಲಿ ಭ್ರೂಣಲಿಂಗ ಪತ್ತೆ ಮಾಡಲಾಗುವುದಿಲ್ಲ’ ಎಂದು ಕಾನೂನಿನ ಪ್ರಕಾರ ದೊಡ್ಡ ಬೋರ್ಡು. ಅದನ್ನು ಓದಿಕೊಂಡ ಗುಬ್ಬಿಯ ಅಡಿಕೆ ವ್ಯಾಪಾರಿಯೊಬ್ಬರು ಒಳಗೆ ಬರಲು ಒಪ್ಪದೆ ಬಾಗಿಲಲ್ಲೇ ನಿಂತುಬಿಟ್ಟರು. “ನಂಗ್ಯಾಕೆ ತಾಯಿ ಈ ಸ್ಕ್ಯಾನಿಂಗು? ಊರೋರು ನೋಡಿದ್ರೆ ಏನಂದ್ಕಂಡಾರು?” ಎಂದರು. ಅವರ ಮೀಸೆ ನೋಡಿದರೆ ಊರವರು ತಪ್ಪು ತಿಳಿಯುವ ಸಂಭವ ಕಡಿಮೆಯಿತ್ತು. ಹಾಗೆಂದು ಭರವಸೆ ಕೊಟ್ಟ ಮೇಲೆ ಬಂದು ಮಲಗಿದರು.

ನಮ್ಮ ಕಡೆ ಲಿವರ್ ಎಂಬುದು ಎರಡೇ ಕಡೆ ಇರುತ್ತದೆ. ಒಂದು ಮಟನ್ ಅಂಗಡಿಯಲ್ಲಿ, ಅಲ್ಲಿ ಅದಕ್ಕೆ ಈಲಿ ಎಂದು ಹೆಸರು. ಇನ್ನೊಂದು ಕುಡಿಯುವ ಗಂಡಸರ ಹೊಟ್ಟೆಯಲ್ಲಿ. ಕುಡಿಯದವರಿಗೆ ಲಿವರೇ ಇಲ್ಲ ಎಂಬುದು ಸಾಮಾನ್ಯ ತಿಳಿವಳಿಕೆ. ಅವರ ಹೊಟ್ಟೆಯಲ್ಲಿ ಏನೇ ಆದರೂ ಅದು ಗ್ಯಾಸು. ಹೆಂಗಸರಾದರಂತೂ ಹುಟ್ಟಿನಿಂದ ಸಾಯುವ ತನಕ ಗ್ಯಾಸೇ.

ಸೆಂಟರಿನ ಯಜಮಾನರು ಸ್ವತಃ ಡಾಕ್ಟರು. ಆದರೆ ಅವರು ರೋಗಿಯ ಹೊಟ್ಟೆ ಮುಟ್ಟಿ ನೋಡುವುದನ್ನು ಬಿಟ್ಟು ಬಹಳ ಕಾಲವಾಗಿತ್ತು, ಬೆನ್ನು ತಟ್ಟುವುದು ಮಾತ್ರ ಉಳಿದಿತ್ತು. ಅವರಿಗೆ ‘ಸಿರೋಸಿಸ್’ ಎಂಬ ಪದ ಕಂಡರೆ ಆಗುತ್ತಿರಲಿಲ್ಲ. ಲಿವರ್ ಗಾಯಗೊಂಡು, ಮಾಗಿ, ಮತ್ತೆ ಗಾಯಗೊಂಡು, ಕೊನೆಗೆ ಕಲೆಗಳಿಂದಲೇ ಗಂಟುಗಂಟಾಗಿ ಗಡುಸಾಗುವ ಸ್ಥಿತಿಗೆ ಆ ಹೆಸರು.

“ಅಂಥ ಪದ ಎಲ್ಲಾ ಬರೀಬೇಡಿ ಮೇಡಂ,” ಎನ್ನುತ್ತಿದ್ದರು. “ಪೇಷಂಟು ಹೆದರ್ಕೊಂಡು ಎದುರುಗಡೆ ಸೆಂಟರ್‌ಗೆ ಹೋಗ್ತಾನೆ. ಅಲ್ಲಿ ಚೆನ್ನಾಗಿ ಬರ್ಕೊಡ್ತಾರೆ.”

ಅವರ ಪ್ರಕಾರ ‘ಲಿವರ್ ಸ್ವಲ್ಪ ಒರಟಾಗಿದೆ’ ಎಂದರೆ ಸಾಕು. ಹೊಸಬರಿಗೆ ತಿಳಿದಿರಲಿ, ನಿಮ್ಮ ರಿಪೋರ್ಟಿನಲ್ಲಿ ‘ಸ್ವಲ್ಪ’ ಎಂಬ ಪದ ಕಂಡರೆ ಅದು ಎಲ್ಲಿಂದ ಬಂತೆಂದು ವಿಚಾರಿಸಿ. ಅದು ಸಾಮಾನ್ಯವಾಗಿ ಯಂತ್ರದಿಂದ ಬಂದಿರುವುದಿಲ್ಲ.

ನಾನು ಕೆಲಸಕ್ಕೆ ಸೇರಿದಾಗ ಬೂದು ಬಣ್ಣದ ಚಿತ್ರ ಬಿಟ್ಟರೆ ನಮಗೆ ಬೇರೆ ಗತಿ ಇರಲಿಲ್ಲ. ಬೂದಿಯಲ್ಲಿ ಬೂದಿ ಹುಡುಕುವ ಕೆಲಸ. ಬಹಳ ವರ್ಷದ ಮೇಲೆ ಲಿವರ್ ಎಷ್ಟು ಗಡುಸಾಗಿದೆ ಎಂದು ಹೊರಗಿನಿಂದಲೇ ತಟ್ಟಿ ಅಳೆಯುವ ಯಂತ್ರ ಬಂತು. ಅದು ಬಂದ ದಿನ ಯಜಮಾನರು ಪುರೋಹಿತರನ್ನು ಕರೆಸಿ ಪೂಜೆ ಮಾಡಿಸಿದರು. ಯಂತ್ರಕ್ಕೆ ಹಾರ, ಸ್ಕ್ರೀನಿಗೆ ವಿಭೂತಿ, ಹೊಟ್ಟೆಗೆ ಒತ್ತುವ ಪ್ರೋಬಿಗೂ ಒಂದು ಕುಂಕುಮದ ಬೊಟ್ಟು. ಮೊದಲ ರೋಗಿ ಎದ್ದು ಬನಿಯನ್ ಇಳಿಸುವಾಗ ಪಕ್ಕೆಯ ಮೇಲೆ ಕೆಂಪು ಕಂಡು ರಕ್ತವೆಂದು ಕುಸಿದು ಕೂತ. ಅವನಿಗೆ ಕಾಫಿ ಕುಡಿಸಿ ಕಳಿಸಬೇಕಾಯಿತು.

ನಮ್ಮ ಸೆಂಟರಿನ ಸುಗ್ಗಿಯೆಂದರೆ ಸಂಕ್ರಾಂತಿ ಕಳೆದ ವಾರಗಳು. ಅಯ್ಯಪ್ಪನ ಮಾಲೆ ಹಾಕಿ, ಮಂಡಲವಿಡೀ ಹೆಂಡ ಮಾಂಸ ಮುಟ್ಟದೆ, ಚಳಿಯಲ್ಲಿ ತಣ್ಣೀರು ಹೊಯ್ದುಕೊಂಡು, ಶಬರಿಮಲೆಗೆ ಹೋಗಿ ಬಂದು ಮಾಲೆ ತೆಗೆದವರು ನೇರವಾಗಿ ನಮ್ಮಲ್ಲಿಗೆ ಬರುತ್ತಿದ್ದರು. ವ್ರತದ ಬಗ್ಗೆ ನನ್ನ ತಕರಾರಿಲ್ಲ. ಯಾವ ಡಾಕ್ಟರ ಮಾತಿಗೂ ಬಿಡದ ಬಾಟಲಿಯನ್ನು ಅದು ಬಿಡಿಸುತ್ತದೆ, ನಾನು ಕೈ ಮುಗಿಯುತ್ತೇನೆ. ತಕರಾರಿರುವುದು ಆಮೇಲಿನ ಜಾಣತನದ ಬಗ್ಗೆ. ಅಷ್ಟು ದಿನ ಕುಡಿಯದೆ ಇದ್ದರೆ ರಕ್ತದಲ್ಲಿ ಲಿವರ್‌ನ ಎಂಜೈಮು ಇಳಿದೇ ಇಳಿಯುತ್ತದೆ. ರಿಪೋರ್ಟಿನಲ್ಲಿ ‘ನಾರ್ಮಲ್’ ಎಂದು ಬಂದರೆ ಮುಂದಿನ ಮಾಲೆಯವರೆಗೆ ಲೈಸೆನ್ಸ್ ರಿನ್ಯೂವಲ್ ಆದ ಹಾಗೆ. ಒಬ್ಬರು ಅದಕ್ಕೆ ಲ್ಯಾಮಿನೇಷನ್ ಮಾಡಿಸಿ ಶರ್ಟಿನ ಜೇಬಿನಲ್ಲಿಟ್ಟುಕೊಂಡು, ಹೆಂಡತಿ ತಡೆದಾಗಲೆಲ್ಲ ಟ್ರಾಫಿಕ್ ಪೊಲೀಸರಿಗೆ ತೋರಿಸುವಂತೆ ತೋರಿಸುತ್ತಿದ್ದರಂತೆ.

ಆ ಎಂಜೈಮು ಈಗ ಎಷ್ಟು ಜೀವಕೋಶಗಳಿಗೆ ಪೆಟ್ಟು ಬೀಳುತ್ತಿದೆ ಎಂದಷ್ಟೇ ಹೇಳುತ್ತದೆ. ಹಿಂದೆ ಸತ್ತವುಗಳ ಜಾಗದಲ್ಲಿ ಏನು ಕಟ್ಟಿಕೊಂಡಿದೆ ಎಂದು ಅದಕ್ಕೆ ಗೊತ್ತಿಲ್ಲ. ಇದನ್ನು ನನ್ನ ತಲೆಗೆ ಹೋಗುವ ಹಾಗೆ ಹೇಳಿದವಳು ಗೆಳತಿ ನಾಗವೇಣಿ. ಅವಳು ಪೆಥಾಲಜಿಸ್ಟ್, ರೋಗಿಯ ದೇಹದ ಚೂರನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ರೋಗ ಹೇಳುವವಳು. ಉಪ್ಪಾರಹಳ್ಳಿಯಲ್ಲಿ ನಮ್ಮ ಮನೆಯ ಹಿಂದಿನ ಬೀದಿ ಅವಳದು. ಒಂದು ಭಾನುವಾರ ಹೋದರೆ ಅವಳ ಮನೆಯಲ್ಲಿ ಗಾರೆ ಕೆಲಸ ನಡೆದಿತ್ತು. ಗೋಡೆಯ ಒಂದು ಬಿರುಕು ಮುಚ್ಚಲು ಬಂದವರು ಅವಳು ಡ್ಯೂಟಿಗೆ ಹೋದ ಹೊತ್ತಿನಲ್ಲಿ ಅಡುಗೆಮನೆಯ ಗೂಡನ್ನೂ, ಒಂದು ಕಿಟಕಿಯನ್ನೂ ಮುಚ್ಚಿ ಮೆತ್ತಿದ್ದರು.

“ಲಿವರ್ ಒಳಗೂ ಇಂಥ ಗಾರೆಯವರಿದಾರೆ ಕಣೇ,” ಎಂದಳು, ಟೀ ಲೋಟ ಕೊಡುತ್ತಾ. “ನಕ್ಷತ್ರದ ಥರ ಕೈಕಾಲು ಚಾಚ್ಕೊಂಡಿರೋ ಕೋಶಗಳು. ಸುಮ್ನಿದ್ದಾಗ ಬಲು ಸಾಧು. ವಿಟಮಿನ್ ಎ ತುಂಬ್ಕೊಂಡು, ಅಕ್ಕಪಕ್ಕದ ಕೋಶಗಳಿಗೆ ಒಳ್ಳೇದೇ ಮಾಡ್ಕೊಂಡು ಮಲಗಿರ್ತವೆ. ಲಿವರ್‌ಗೆ ಪೆಟ್ಟು ಬಿದ್ದಾಗ ಎದ್ದೇಳ್ತವೆ. ಇದ್ದ ವಿಟಮಿನ್ ಎಲ್ಲಾ ಚೆಲ್ಲಿ, ನಾರು ಹೆಣೆದು ಗಾಯ ಮುಚ್ಚೋಕೆ ಶುರು ಮಾಡ್ತವೆ.”

“ಮುಚ್ಚಲಿ ಬಿಡು, ಒಳ್ಳೇದೇ ಅಲ್ವಾ?”

“ಒಂದು ಸಲಕ್ಕಾದ್ರೆ ಒಳ್ಳೇದು. ಪೆಟ್ಟು ನಿಂತ್ರೆ ಅವೂ ತಣ್ಣಗಾಗ್ತವೆ, ಕಲೆನೂ ಒಂದಷ್ಟು ಕರಗುತ್ತೆ. ದಿನಾ ಪೆಟ್ಟು ಬಿದ್ರೆ ದಿನಾ ಗಾರೆ. ಗಡುಸಾದಷ್ಟೂ ಇನ್ನಷ್ಟು ಗಾರೆಯವರು ಎದ್ದು ಬರ್ತಾರೆ. ಆ ಇಕ್ಕಟ್ಟಲ್ಲಿ ಲಿವರ್ ಕೋಶಗಳು ಸಾಯ್ತಾ ಹುಟ್ತಾ ಯಾವುದೋ ಒಂದು ದಾರಿ ತಪ್ಪುತ್ತೆ ನೋಡು, ಅದಕ್ಕೆ ಇವರದೇ ಉಪಚಾರ. ಬೆಳೆಯೋಕೆ ಸಿಗ್ನಲ್ ಕೊಡೋದೂ ಇವರೇ, ರಕ್ತನಾಳ ಕರೆಸಿಕೊಡೋದೂ ಇವರೇ, ಹಿಡಿಯೋಕೆ ಬಂದ ಕಾವಲಿನ ಕೋಶಗಳನ್ನ ಗೋಡೆ ಆಚೆ ನಿಲ್ಸೋದೂ ಇವರೇ.”

ಕಲೆ ಕಟ್ಟಿದ ಲಿವರೆಲ್ಲ ಕ್ಯಾನ್ಸರಾಗುವುದಿಲ್ಲ. ಆದರೆ ಲಿವರ್‌ನಲ್ಲೇ ಹುಟ್ಟುವ ಕ್ಯಾನ್ಸರು ಬಹುಪಾಲು ಇಂಥ ಕಲೆಯ ನೆಲದಲ್ಲೇ ಹುಟ್ಟುತ್ತದೆ. ಇನ್ನೊಂದು ಮಾತನ್ನೂ ನಾಗವೇಣಿ ಹೇಳಿದಳು: ಪೆಟ್ಟು ಕೊಡುವುದು ಹೆಂಡವೊಂದೇ ಅಲ್ಲ. ವೈರಸ್ಸು ಕೊಡುತ್ತದೆ, ಸಕ್ಕರೆ ಕಾಯಿಲೆ ಕೊಡುತ್ತದೆ, ಲಿವರ್‌ನಲ್ಲಿ ಕೂತ ಕೊಬ್ಬು ಕೊಡುತ್ತದೆ. ಆ ಕೋಶಗಳು ಪೆಟ್ಟು ಯಾರು ಕೊಟ್ಟರೆಂದು ಕೇಳುವುದಿಲ್ಲ. ಕೇಳುವುದು ನಮ್ಮ ಜನ ಮಾತ್ರ.

ಈಗ ಗಂಗಾಧರಯ್ಯನವರ ವಿಷಯಕ್ಕೆ ಬರುತ್ತೇನೆ. ಗುಬ್ಬಿಯ ಹತ್ತಿರದ ಹಳ್ಳಿಯವರು. ತೆಂಗಿನ ತೋಟ, ರಾಗಿ ಹೊಲ, ಜೊತೆಗೆ ಸುತ್ತಲಿನ ಊರುಗಳ ಮಾಲೆಧಾರಿಗಳಿಗೆಲ್ಲ ಗುರುಸ್ವಾಮಿ. ಮಾಲೆ ತೆಗೆದ ಮೇಲೆ ಗುರುಸ್ವಾಮಿಯವರೇ ಮುಂದಾಗಿ ನಿಂತು ತಮ್ಮ ತಂಡವನ್ನೆಲ್ಲ ಟೆಂಪೋದಲ್ಲಿ ತುಮಕೂರಿಗೆ ತಂದು ಲಿವರ್ ಪರೀಕ್ಷೆ ಮಾಡಿಸುವುದು ಪದ್ಧತಿ. ರಿಪೋರ್ಟು ಬಂದ ಸಂಜೆಯೇ ಯಾವುದಾದರೂ ತೋಟದಲ್ಲಿ ಬಾಟಲಿ ಸಮಾರಾಧನೆ. ಅವರ ಹೆಂಡತಿ ಸರೋಜಮ್ಮ ಪ್ರತಿ ವರ್ಷ ಬ್ಯಾಗು, ನೀರಿನ ಬಾಟಲಿ ಹಿಡಿದು ಹೊರಗಿನ ಬೆಂಚಿನಲ್ಲಿ ಕೂತಿರುತ್ತಿದ್ದರು. ವ್ರತದ ಕಾಲವಿಡೀ ಅಷ್ಟೂ ಸ್ವಾಮಿಗಳಿಗೆ ನಸುಕಿನಲ್ಲೆದ್ದು, ಮಿಂದು, ಮಡಿಯಲ್ಲಿ ಬೇಯಿಸಿ ಬಡಿಸಿದವರು ಅವರೇ.

ಆ ವರ್ಷ ಅವರು ಬೆಂಚಿನಲ್ಲಿ ಕೂತು ಎರಡೂ ತೋಳು ಕೆರೆದುಕೊಳ್ಳುತ್ತಿದ್ದರು. ಅಂಗೈ ಕೆಂಪಗಿತ್ತು. ಲಿವರ್ ಕೆಟ್ಟವರಲ್ಲಿ ಈ ಎರಡನ್ನೂ ಕಂಡಿದ್ದೆ. ಏನಮ್ಮಾ ಇದು ಎಂದೆ.

“ಖಾರ ಅರ್ದಿದ್ದಕ್ಕಿರ್ಬೇಕು ಡಾಕ್ಟ್ರಮ್ಮ. ಸುಸ್ತು ಒಂದೈತೆ. ಶುಗರ್ ಐತಲ್ಲ ನಂಗೆ. ಇನ್ನೇನಿಲ್ಲ, ಗ್ಯಾಸು.”

ಬೆಳಗ್ಗೆಯಿಂದ ಏನಾದರೂ ತಿಂದಿದ್ದೀರಾ ಎಂದರೆ ಇಲ್ಲ ಎಂದರು. ಪರೀಕ್ಷೆಯಾದ ಮೇಲೆ ತಿನ್ನಲೆಂದು ಎಲ್ಲರಿಗೂ ಬುತ್ತಿ ಕಟ್ಟಿ ಹೊರಟವರು, ತಾವು ತಿನ್ನುವಷ್ಟರಲ್ಲಿ ಟೆಂಪೋ ಹಾರ್ನ್ ಹೊಡೆದಿತ್ತಂತೆ. ಸ್ಕ್ಯಾನಿಂಗಿಗೆ ಖಾಲಿ ಹೊಟ್ಟೆ ಬೇಕು. ಅದು ಸಿದ್ಧವಾಗಿಯೇ ಇತ್ತು, ಒಳಗೆ ಕರೆದು ಮಲಗಿಸಿದೆ.

ಗುರುಸ್ವಾಮಿಗಳ ಲಿವರ್ ಅಷ್ಟು ಹೊತ್ತಿಗಾಗಲೇ ನೋಡಿಯಾಗಿತ್ತು. ಕೊಬ್ಬು ಇತ್ತು, ಆದರೆ ಮೆತ್ತಗೆ, ಅಂಚು ನುಣ್ಣಗೆ. ಅದು ಅವರ ಅದೃಷ್ಟ, ಯಾರೂ ಅದನ್ನು ಸಲಹೆಯಾಗಿ ತೆಗೆದುಕೊಳ್ಳಬೇಡಿ. ಒಂದು ತೊಟ್ಟೂ ಮುಟ್ಟದ ಸರೋಜಮ್ಮನ ಲಿವರ್ ಕುಗ್ಗಿ, ಅಂಚೆಲ್ಲ ಗಂಟುಗಂಟಾಗಿ, ತಟ್ಟಿ ಅಳೆದರೆ ಕಲ್ಲಿನ ಹಾಗಿತ್ತು. ಬಲಗಡೆ ಒಳಗೆ ಕಡಲೆಕಾಯಿ ಬೀಜದಷ್ಟು ಒಂದು ಚುಕ್ಕೆ. ನಾಗವೇಣಿ ಹೇಳಿದ ದಾರಿ ತಪ್ಪಿದ ಕೋಶ ಬೆಳೆದರೆ ಹೀಗೇ ಕಾಣುತ್ತದೆ. ಅಂಥ ಚುಕ್ಕೆ ಚಿಕ್ಕದಿದ್ದಾಗ ಸೂಜಿ ತೂರಿಸಿ ಸುಟ್ಟುಬಿಡಬಹುದು. ದೊಡ್ಡದಾದರೆ ಮಾತು ಬೇರೆ. ಇದ್ದದ್ದು ಅದೊಂದೇ ಪ್ರಶ್ನೆ, ಅವರು ಎಷ್ಟು ಬೇಗ ಬೆಂಗಳೂರಿಗೆ ಹೋಗುತ್ತಾರೆ ಎನ್ನುವುದು.

ಎರಡೂ ರಿಪೋರ್ಟು ಹೊರಗೆ ಹೋದವು. ಬೆಂಚಿನ ಮೇಲೆ ಸಭೆ ಸೇರಿತು. ಸಭೆಯ ವಿದ್ವಾಂಸ ಗಂಗಾಧರಯ್ಯನವರ ತಮ್ಮ ಶಿವಣ್ಣ, ತುಮಕೂರಿನ ಸತ್ಯಮಂಗಲದ ಒಂದು ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ಎರಡನ್ನೂ ಅಕ್ಕಪಕ್ಕ ಹಿಡಿದು ನೋಡಿ ತೀರ್ಪು ಕೊಟ್ಟ.

“ಅದಲು ಬದಲು ಆಗವೆ. ಕುಡಿಯೋನು ಅಣ್ಣ, ಕೆಟ್ಟೋಗಿರೋ ಲಿವರ್ ಅತ್ತಿಗೇದಾ? ನಮ್ಮ ಫ್ಯಾಕ್ಟ್ರೀಲೇ ದಿನಾ ಲೇಬಲ್ ಹಿಂದ್ಮುಂದಾಗ್ತವೆ, ಇವ್ರೇನ್ ದೇವ್ರಾ?”

ನಾನು ಅವರೆಲ್ಲರನ್ನೂ ಒಳಗೆ ಕರೆದೆ. ಸರೋಜಮ್ಮನನ್ನು ಮತ್ತೆ ಮಲಗಿಸಿ, ಅವರ ಹೊಟ್ಟೆಯ ಮೇಲೆ ಪ್ರೋಬ್ ಇಟ್ಟು, ಸ್ಕ್ರೀನಿನಲ್ಲಿ ಚುಕ್ಕೆ ತೋರಿಸಿ, ಇದು ಯಾರ ಹೊಟ್ಟೆ ಹೇಳಿ ಎಂದೆ. ಶಿವಣ್ಣ ಸ್ಕ್ರೀನನ್ನು ನೋಡಲಿಲ್ಲ, ಯಂತ್ರದ ಬೆನ್ನು ಮುಟ್ಟಿ ನೋಡಿದ.

“ಮಿಷಿನ್ ಕಾದುಬುಟ್ಟೈತೆ ಮೇಡಂ. ಬೆಳಗ್ಗಿಂದ ಆನ್ ಐತಲ್ಲ. ಸ್ವಲ್ಪ ರೆಸ್ಟ್ ಕೊಡಿ.”

ಗಲಾಟೆ ಕೇಳಿ ಯಜಮಾನರು ಬಂದರು. ವರ್ಷಕ್ಕೊಂದು ಟೆಂಪೋ ತುಂಬ ರೋಗಿಗಳನ್ನು ತರುವ ಗುರುಸ್ವಾಮಿಯ ಭುಜದ ಮೇಲೆ ಕೈ ಹಾಕಿ, “ಮನುಷ್ಯರು ಅಂದ್ಮೇಲೆ ಮಿಸ್ಟೇಕ್ ಇರುತ್ತೆ ಸ್ವಾಮಿ, ಇನ್ನೊಂದು ಸಲ ಬನ್ನಿ, ಫ್ರೀಯಾಗಿ ಮಾಡ್ಕೊಡೋಣ,” ಎಂದರು. ನನ್ನ ಬೆನ್ನ ಹಿಂದೆ ಅಲ್ಲ, ಎದುರಿಗೇ. ಆ ದಿನ ನನಗೆ ಬಂದ ಕೋಪ ಈಗಲೂ ಪೂರ್ತಿ ಇಳಿದಿಲ್ಲ.

ಆಮೇಲೆ ನಡೆದದ್ದನ್ನು ನೀವು ನಂಬುವುದು ಕಷ್ಟ. ಸರೋಜಮ್ಮನ ರಿಪೋರ್ಟಿನ ರೋಗಕ್ಕೆ ಗಂಗಾಧರಯ್ಯ ಮಲಗಿದರು. ಚೆನ್ನಾಗಿದ್ದ ಮನುಷ್ಯ ಮಂಚ ಹಿಡಿದರು. ನೋಡಲು ಬಂದವರು ಎಳನೀರು ತಂದರು, ಮೂಸಂಬಿ ತಂದರು. ಉಪ್ಪಿಲ್ಲದ ಗಂಜಿ, ಬೇಯಿಸಿದ ತರಕಾರಿ, ಹೊತ್ತು ಹೊತ್ತಿಗೆ ಬಿಸಿನೀರು, ಎಲ್ಲವನ್ನೂ ಮಾಡಿಕೊಟ್ಟವರು ಸರೋಜಮ್ಮ. ಬಂದವರಿಗೆಲ್ಲ ಕಾಫಿ ಕೊಟ್ಟವರೂ ಅವರೇ. ನಾನು ಗುಬ್ಬಿಯ ಡ್ಯೂಟಿಯ ದಿನಗಳಲ್ಲಿ ಫೋನು ಮಾಡುತ್ತಿದ್ದೆ. ಮನೆಗಿದ್ದ ಒಂದು ಫೋನು ರೋಗಿಯ ದಿಂಬಿನ ಪಕ್ಕದಲ್ಲಿತ್ತು.

“ಸರೋಜಮ್ಮನಿಗೆ ಕೊಡಿ ಗಂಗಾಧರಯ್ಯನೋರೆ.”

“ಅವ್ಳು ಒಲೆ ತಾವ ಅವ್ಳೆ ಡಾಕ್ಟ್ರಮ್ಮ. ನಂಗೇ ಏಳಿ.”

“ಕಾಯಿಲೆ ನಿಮಗಲ್ಲ, ಅವರಿಗೆ. ಬೆಂಗಳೂರಿಗೆ ಕರ್ಕೊಂಡು ಹೋಗಿ.”

“ಹೂಂ, ಮುಂದಿನ ವಾರ ಹೋಗೋ ಏರ್ಪಾಟು ಮಾಡವ್ನೆ ಶಿವಣ್ಣ.”

ಹೋದರು. ಕರೆದೊಯ್ದದ್ದು ಗಂಗಾಧರಯ್ಯನವರನ್ನೇ. ದೊಡ್ಡ ಆಸ್ಪತ್ರೆಯಲ್ಲಿ ತಲೆಯಿಂದ ಕಾಲಿನವರೆಗೆ ಪರೀಕ್ಷೆಯಾಯಿತು, ಲಿವರ್‌ನಲ್ಲಿ ಕೊಬ್ಬು ಬಿಟ್ಟರೆ ಏನೂ ಸಿಗಲಿಲ್ಲ. ಊರಿನಲ್ಲಿ ಪೂಜೆ ಹಾಕಿಸಿ ಊಟ ಹಾಕಿದರು. ಆ ಊಟಕ್ಕೆ ಬೇಯಿಸಿದವರು ಯಾರೆಂದು ಹೇಳಬೇಕಾಗಿಲ್ಲ. ಗಂಡನ ಲಿವರ್ ಚೆನ್ನಾಗಿದ್ದರೆ ಆ ಕೆಟ್ಟ ಲಿವರ್ ಯಾರದು ಎಂದು ಅಷ್ಟು ಜನರಲ್ಲಿ ಒಬ್ಬರೂ ಕೇಳಲಿಲ್ಲ. ಅವರ ಪ್ರಕಾರ ಅದು ಯಾರದೂ ಅಲ್ಲ, ಮಿಷಿನ್ನಿನದು.

ಗೌರಿ ಹಬ್ಬಕ್ಕೆ ಸರೋಜಮ್ಮ ಕುಣಿಗಲ್‌ನಲ್ಲಿದ್ದ ತಂಗಿ ಲಲಿತಾಳ ಮನೆಗೆ ಹೋದರು. ಲಲಿತಾ ಅಂಗನವಾಡಿ ಟೀಚರ್. ದಿನಾ ಮಕ್ಕಳನ್ನು ತಕ್ಕಡಿಯಲ್ಲಿ ಕೂರಿಸುವವಳಿಗೆ ಅಕ್ಕನ ಕುಪ್ಪಸ ಸಡಿಲಾಗಿದ್ದು ಕಣ್ಣಿಗೆ ಬಿತ್ತು. ಯಾರನ್ನೂ ಕೇಳದೆ ಮಾರನೆಯ ದಿನವೇ ಬಸ್ಸು ಹತ್ತಿಸಿ ತುಮಕೂರಿಗೆ ಕರೆತಂದಳು. ನಾನು ಪ್ರೋಬ್ ಇಟ್ಟೆ. ಕಡಲೆಕಾಯಿ ಬೀಜ ಈಗ ಸಣ್ಣ ಅಡಿಕೆಯಾಗಿತ್ತು. ಸುಡಬಹುದಾದ ಅವಧಿ ಮುಗಿದಿರಲಿಲ್ಲ, ಮುಗಿಯುತ್ತ ಬಂದಿತ್ತು.

ಲಲಿತಾ ನನ್ನ ಕೋಣೆಯಲ್ಲೇ ನಿಂತು ಭಾವನಿಗೆ ಫೋನು ಮಾಡಿದಳು. “ಭಾವ, ನಿಮ್ಮ ಲಿವರ್‌ನ ಬೆಂಗಳೂರೆಲ್ಲಾ ಮೆರವಣಿಗೆ ಮಾಡ್ಸುದ್ರಿ. ನಮ್ಮಕ್ಕಂಗೂ ಒಂದೈತೆ ಅಂತ ಯಾರ್ಗೂ ಗ್ಯಾನ ಬರ್ಲಿಲ್ವಾ? ನಾಳೆ ನಾನು ಕರ್ಕಂಡೋಯ್ತಿದೀನಿ. ನೀವು ಬರಾದಾದ್ರೆ ಬನ್ನಿ, ಇಲ್ದಿದ್ರೆ ಬುಡಿ.” ಆ ಕಡೆಯಿಂದ ಏನು ಉತ್ತರ ಬಂತೋ, ಅವಳು ಪೂರ್ತಿ ಕೇಳದೆ ಫೋನಿಟ್ಟಳು.

ಗಂಗಾಧರಯ್ಯ ಬಂದರು. ಬೆಂಗಳೂರಿನ ಆಸ್ಪತ್ರೆಯವರು ಚುಕ್ಕೆಯನ್ನು ಸುಟ್ಟರು. ಆದರೆ ಅದನ್ನು ಸಾಕಿದ ಕಲೆಯ ಲಿವರ್ ಹಾಗೇ ಉಳಿಯುತ್ತದೆ, ಇನ್ನೊಂದು ಚುಕ್ಕೆ ಏಳಬಹುದು. ಅದಕ್ಕೇ ಮೊದಮೊದಲು ಬೇಗಬೇಗ, ಆಮೇಲೆ ಆರು ತಿಂಗಳಿಗೊಮ್ಮೆ, ನೋಡುತ್ತಲೇ ಇರಬೇಕು. ಸುಟ್ಟಾಯಿತಲ್ಲ ಎಂದು ರೋಗಿಯನ್ನು ಮರೆಯುವ ಡಾಕ್ಟರುಗಳೂ ನಮ್ಮಲ್ಲಿದ್ದಾರೆ, ನೀವು ಹಾಗಾಗಬೇಡಿ.

ಮೊದಲ ಸಲ ನೋಡಿಸಿಕೊಳ್ಳಲು ಬಂದಾಗ ಸರೋಜಮ್ಮ ಮಲಗಿದ್ದಲ್ಲಿಂದಲೇ ಕೇಳಿದರು, ಕುಡಿಯದವಳಿಗೆ ಇದು ಯಾಕೆ ಬಂತು ಅಂತ. ನಾನು ಸಕ್ಕರೆ ಕಾಯಿಲೆಯ ಮಾತು ಹೇಳಿ, ಗಾಯ ಮುಚ್ಚಲು ಎದ್ದ ಕೋಶಗಳು ನಿಲ್ಲಿಸದೆ ಮೆತ್ತುತ್ತಲೇ ಹೋಗುವುದನ್ನು ಹೇಳಿದೆ.

“ಪಾಪ, ಅವುಕ್ಕೂ ಸಾಕು ಅಂತ ಯಾರೂ ಏಳ್ಲಿಲ್ಲ ಅನ್ಸುತ್ತೆ,” ಎಂದರು.

ಕ್ಯಾನ್ಸರ್ ಸಾಕಿದ ಕೋಶಗಳ ಮೇಲೆ ಕನಿಕರಪಟ್ಟವರನ್ನು ನಾನು ಅವರೊಬ್ಬರನ್ನೇ ಕಂಡಿದ್ದೇನೆ. ಪುಣ್ಯಕ್ಕೆ ಕೋಣೆ ಕತ್ತಲಾಗಿತ್ತು.

ಎರಡನೆಯ ಸಲ ಅವರು ಒಬ್ಬರೇ ಬಸ್ಸಿನಲ್ಲಿ ಬಂದರು. ಮಾಲೆ ಹಾಕುವ ಕಾಲ ಹತ್ತಿರವಾಗಿತ್ತು. ಹೊಸ ಚುಕ್ಕೆ ಇರಲಿಲ್ಲ. ಹೊಟ್ಟೆಯ ಮೇಲಿನ ಜೆಲ್ ಒರೆಸಿಕೊಂಡು ಎದ್ದು ಕೂತು, ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು.

“ಒಂದು ಮಾತು ಡಾಕ್ಟ್ರಮ್ಮ. ಈ ಸಲ ಸ್ವಾಮಿಗಳು ಜಾಸ್ತಿ ಅವ್ರಂತೆ. ನನ್ ಕೈಲಿ ಆಗಾಕಿಲ್ಲ. ನಾನೇಳಿದ್ರೆ ಕೇಳಾಕಿಲ್ಲ ಅವ್ರು. ನೀವು ರಿಪೋರ್ಟ್‌ನಾಗೆ ಬರ್ದುಬುಡಿ.”

“ಏನಂತ ಬರೀಲಿ?”

“ಒಲೆ ಮುಂದೆ ನಿಲ್ಲಂಗಿಲ್ಲ ಅಂತ.”

ಸ್ಕ್ಯಾನ್ ರಿಪೋರ್ಟಿನಲ್ಲಿ ಅಂಥ ಮಾತಿಗೆ ಜಾಗವಿಲ್ಲ. ಯಾವ ಪುಸ್ತಕವೂ ಅದನ್ನು ಕಲಿಸುವುದಿಲ್ಲ, ಯಜಮಾನರು ಕಂಡರೆ ಹಾರಾಡುತ್ತಾರೆ. ನಾನು ಕೊನೆಯ ಸಾಲಿನ ಕೆಳಗೆ, ಇಂಗ್ಲಿಷಿನ ನಡುವೆ, ದಪ್ಪ ಅಕ್ಷರದ ಕನ್ನಡದಲ್ಲಿ ಬರೆದು ಸಹಿ ಹಾಕಿ ಸೀಲು ಒತ್ತಿದೆ.

ಮುಂದಿನ ವಾರ ಗುಬ್ಬಿಯ ನರ್ಸಿಂಗ್ ಹೋಮಿಗೆ ಗಂಗಾಧರಯ್ಯ ಬಂದರು. ಕಪ್ಪು ಬಟ್ಟೆ, ಕೊರಳಲ್ಲಿ ಮಾಲೆ, ಕೈಯಲ್ಲಿ ಆ ರಿಪೋರ್ಟು.

“ಇದು ಎಷ್ಟ್ ದಿನ ಡಾಕ್ಟ್ರಮ್ಮ?”

“ನಿಮ್ಮ ವ್ರತ ಎಷ್ಟು ದಿನ ಸ್ವಾಮಿ?”

“ಒಂದು ಮಂಡಲ.”

“ಅವರದು ಜೀವ ಇರೋವರೆಗೂ.”

ಅವರು ರಿಪೋರ್ಟನ್ನು ಮಡಚಿಕೊಂಡು ಬಾಗಿಲವರೆಗೆ ಹೋದರು. ಹೊರಗೆ ನಾಲ್ಕಾರು ಸ್ವಾಮಿಗಳು ಕಾಯುತ್ತಿದ್ದರು. ಹೋದರೆಂದುಕೊಂಡು ಮುಂದಿನವರನ್ನು ಕರೆಯಲಿದ್ದೆ, ಅಷ್ಟರಲ್ಲಿ ತಿರುಗಿ ಬಂದು ಮೆಲ್ಲಗೆ ಕೇಳಿದರು.

“ಒಂದು ಸೇರು ಅಕ್ಕಿಗೆ ನೀರು ಎಷ್ಟು ಇಡ್ಬೇಕು ಡಾಕ್ಟ್ರಮ್ಮ?”

“ಅದನ್ನ ಮನೇಲಿ ಕೇಳಿ,” ಎಂದೆ. “ಅವರನ್ನ ಕೂರಿಸಿ ಕೇಳಿ.”